ಆಕ್ಸಿಮೀಟರಿನ ಎರಡನೆಯ ಸಂಖ್ಯೆ

ಪೊನ್ನಂಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರ ಪತ್ರದ ಸಾರ: “2021ರ ಮೇ ತಿಂಗಳಿನಲ್ಲಿ ನನಗೂ ನನ್ನ ತಮ್ಮನಿಗೂ ಒಟ್ಟಿಗೇ ಕೋವಿಡ್ ಬಂತು. ಇಬ್ಬರೂ ಮನೆಯಲ್ಲೇ ಇದ್ದು ಗುಣವಾದೆವು. ಆಕ್ಸಿಮೀಟರ್ ಒಮ್ಮೆಯೂ 96ಕ್ಕಿಂತ ಕೆಳಗೆ ತೋರಿಸಲಿಲ್ಲ. ಜುಲೈನಿಂದ ತಮ್ಮನಿಗೆ ತೋಟದ ಏರು ಹತ್ತುವಾಗ ಎದೆ ಹಿಡಿದಂತಾಗುತ್ತಿತ್ತು. ಗ್ಯಾಸ್ ಎಂದು ಮಾತ್ರೆ ನುಂಗುತ್ತಿದ್ದ. ನವೆಂಬರಿನಲ್ಲಿ ಹೃದಯಾಘಾತವಾಗಿ ತೀರಿಕೊಂಡ. ಅವನಿಗೆ 52 ವರ್ಷ. ಶ್ವಾಸಕೋಶದ ಕಾಯಿಲೆ ಹೃದಯಕ್ಕೆ ಹೇಗೆ ಬಂತು? ಪೈಪಿನಲ್ಲಿ ಕಸ ಕಟ್ಟಿದಂತೆ ಆಯಿತೇ? ಲಸಿಕೆಯಿಂದಲೇ ಆದದ್ದು ಎನ್ನುವವರಿದ್ದಾರೆ. ಸೆಪ್ಟೆಂಬರಿನಲ್ಲಿ ಅವನನ್ನು ಲಸಿಕೆಗೆ ಕರೆದುಕೊಂಡು ಹೋದವನು ನಾನೇ.”

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಪತ್ರದ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಭಾರವನ್ನು ನೀವು ಹೊತ್ತುಕೊಂಡಿರುವುದು ಸರಿಯಲ್ಲ. ಏರು ಹತ್ತುವಾಗ ಎದೆ ಹಿಡಿಯುವುದು, ನಿಂತರೆ ಬಿಡುವುದು ಹೃದಯದ ರಕ್ತನಾಳ ಕಿರಿದಾಗಿರುವುದರ ಪ್ರಮುಖ ಲಕ್ಷಣ. ಅದು ನಿಮ್ಮ ತಮ್ಮನಿಗೆ ಲಸಿಕೆಗೆ ಎರಡು ತಿಂಗಳು ಮೊದಲೇ ಶುರುವಾಗಿತ್ತೆಂದು ನೀವೇ ಬರೆದಿದ್ದೀರಿ. ಲಸಿಕೆಗಳಿಂದ ತೊಂದರೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೋವಿಶೀಲ್ಡ್ ಮಾದರಿಯ ಲಸಿಕೆ ಪಡೆದ ಕೆಲವೇ ಕೆಲವರಲ್ಲಿ, ರಕ್ತದ ಪ್ಲೇಟ್‌ಲೆಟ್ ಇಳಿದು, ಮುಖ್ಯವಾಗಿ ಮೆದುಳಿನ ಮತ್ತು ಹೊಟ್ಟೆಯ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟು. ಆದರೆ ಆ ಕಾಯಿಲೆಯ ಚಹರೆ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ 47 ಆಸ್ಪತ್ರೆಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವು, 18ರಿಂದ 45 ವರ್ಷದವರ ಹಠಾತ್ ಸಾವುಗಳಿಗೆ ಲಸಿಕೆ ಕಾರಣವಾಗಿರುವುದನ್ನು ಕಾಣಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದುದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಕುಟುಂಬದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಾವಿನ ಹಿಂದಿನ ಎರಡು ದಿನಗಳಲ್ಲಿ ಮಿತಿಮೀರಿ ಕುಡಿದವರಲ್ಲಿ ಅಥವಾ ವಿಪರೀತ ಶ್ರಮದ ಕೆಲಸ ಮಾಡಿದವರಲ್ಲಿ. ನಿಮ್ಮ ತಮ್ಮ ಆ ವಯೋಮಿತಿಯ ಹೊರಗಿನವರು ಎಂಬುದು ನಿಜ. ಆದರೂ ನಮ್ಮದೇ ದೇಶದ ಜನರ ನಡುವೆ ನಡೆದ ಅಧ್ಯಯನವೆಂದು ಇದನ್ನು ಮುಂದಿಡುತ್ತಿದ್ದೇನೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕೋವಿಡನ್ನು ಶ್ವಾಸಕೋಶದ ಕಾಯಿಲೆಯೆಂದೇ ನಾವೆಲ್ಲ ತಿಳಿದಿದ್ದೆವು, ಈ ಪತ್ರಿಕೆಯಲ್ಲಿಯೂ ಹಾಗೆಯೇ ಬರೆದಿದ್ದೆವು. ವೈರಸ್ ದೇಹದೊಳಗೆ ಬರುವುದು ಉಸಿರಿನ ದಾರಿಯಲ್ಲಿ ಎಂಬುದು ಸರಿ, ಆದರೆ ಅದು ಅಲ್ಲಿಯೇ ನಿಲ್ಲುವುದಿಲ್ಲ. ಜೀವಕೋಶವನ್ನು ಹೊಗಲು ಅದು ಹಿಡಿಯುವ ಎಸಿಇ-2 ಎಂಬ ಪ್ರೋಟೀನು ಶ್ವಾಸಕೋಶದಲ್ಲಿ ಮಾತ್ರವಲ್ಲ, ಹೃದಯದಲ್ಲಿಯೂ ರಕ್ತನಾಳಗಳ ಗೋಡೆಯಲ್ಲಿಯೂ ಇದೆ. ರಕ್ತನಾಳ ಹೆಚ್ಚು ಬಿಗಿಯಾಗದಂತೆ, ರಕ್ತದೊತ್ತಡ ಏರದಂತೆ ನೋಡಿಕೊಳ್ಳುವ ಕೆಲಸದಲ್ಲಿ ಅದಕ್ಕೆ ಪಾಲಿದೆ. ವೈರಸ್ ಅದನ್ನು ಹಿಡಿದಾಗ ಆ ಕೆಲಸವೂ ಕುಂಠಿತವಾಗುತ್ತದೆ.

ನೀವು ಕೊಟ್ಟ ಪೈಪಿನ ಹೋಲಿಕೆ ಇಲ್ಲಿ ಸಾಲದು. ಫೆಬ್ರವರಿಯಲ್ಲಿ ಹೂ ಅರಳಿಸಲು ತೋಟಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರ್ ಪೈಪಿಗೆ ಜೀವವಿಲ್ಲ, ಅದರಲ್ಲಿ ಕಸ ಕಟ್ಟಬಹುದು ಅಷ್ಟೆ. ರಕ್ತನಾಳದ ಒಳಪದರ ಒಂದೇ ಒಂದು ಜೀವಕೋಶದಷ್ಟು ತೆಳ್ಳಗಿದ್ದರೂ ಸದಾ ದುಡಿಯುತ್ತಿರುವ ಅಂಗಾಂಶ. ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ನಾಳವನ್ನು ಸಡಿಲಿಸುವುದೂ, ಹರಿಯುವ ರಕ್ತ ಹೆಪ್ಪುಗಟ್ಟದಂತೆ ಕಾಯುವುದೂ ಅದೇ. ಸೋಂಕಿನ ವಿರುದ್ಧ ದೇಹ ಹೂಡುವ ಉರಿಯೂತದಲ್ಲಿ ಈ ಪದರ ಕೆರಳಿದರೆ ಅದರ ನಡತೆಯೇ ಬದಲಾಗುತ್ತದೆ, ರಕ್ತ ಅದಕ್ಕೆ ಅಂಟಿಕೊಳ್ಳಲಾರಂಭಿಸುತ್ತದೆ. ಅಲ್ಲಿ ಮೊದಲೇ ಕೊಬ್ಬಿನ ಗಂಟು ಇದ್ದರೆ, ಮತ್ತು ಐವತ್ತು ದಾಟಿದ ಅನೇಕರಲ್ಲಿ ಅದು ಅರಿವಿಲ್ಲದಂತೆಯೇ ಇರುತ್ತದೆ, ಗಂಟು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳವೇ ಮುಚ್ಚಿಹೋಗಬಹುದು. ಕೋವಿಡ್‌ನಿಂದ ಮೃತಪಟ್ಟ ಎಂಟು ಮಂದಿಯ ಹೃದಯದ ರಕ್ತನಾಳಗಳನ್ನು ಪರೀಕ್ಷಿಸಿದ ಅಮೆರಿಕದ ಸಂಶೋಧಕರು ಆ ಕೊಬ್ಬಿನ ಗಂಟುಗಳಲ್ಲಿಯೇ ವೈರಸ್ ಇರುವುದನ್ನು 2023ರಲ್ಲಿ ವರದಿ ಮಾಡಿದರು. ಇನ್ನು ಹೃದಯದ ಸ್ನಾಯುವಿಗೇ ಉರಿಯೂತ ಬರುವುದೂ, ಬಡಿತದ ಲಯ ತಪ್ಪುವುದೂ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದೂ ಉಂಟು.

ಅಪಾಯ ಜ್ವರದೊಡನೆ ಇಳಿದುಹೋಗುವುದಿಲ್ಲ ಎಂಬುದು ನಮಗೆ ತಡವಾಗಿ ತಿಳಿಯಿತು. ಅಮೆರಿಕದಲ್ಲಿ ಸೋಂಕು ತಗುಲಿದ್ದ 1,53,760 ಮಾಜಿ ಸೈನಿಕರನ್ನು ಒಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಂಕು ತಗುಲದವರಿಗಿಂತ ಅವರಲ್ಲಿ ಪ್ರತಿ ಸಾವಿರಕ್ಕೆ ಸುಮಾರು 12 ಮಂದಿಗೆ ಹೆಚ್ಚಾಗಿ ಹೃದಯ ವೈಫಲ್ಯ ಕಂಡುಬಂತು. ಆಸ್ಪತ್ರೆಗೆ ಸೇರದೆ ಮನೆಯಲ್ಲೇ ಗುಣವಾದವರಲ್ಲಿಯೂ, ಕಡಿಮೆ ಪ್ರಮಾಣದಲ್ಲಾದರೂ, ಅಪಾಯ ಹೆಚ್ಚಿತ್ತು. ಅವರಲ್ಲಿ ಹೆಚ್ಚಿನವರು ವಯಸ್ಸಾದ ಗಂಡಸರು, ಹಾಗಾಗಿ ಆ ಲೆಕ್ಕವನ್ನು ಎಲ್ಲರಿಗೂ ಹಾಗೆಯೇ ಹೊಂದಿಸಲಾಗದು. ನಿಮ್ಮ ತಮ್ಮನ ಸಾವಿಗೆ ಕೋವಿಡೇ ಕಾರಣವೆಂದೂ ಇದರಿಂದ ತೀರ್ಮಾನಿಸಲಾಗದು. ಮೊದಲಿನಿಂದ ಇದ್ದ ಗಂಟೊಂದನ್ನು ಸೋಂಕು ಕೆಣಕಿರಬಹುದು ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಕಾಡಿದ್ದು ಆಕ್ಸಿಮೀಟರಿನ ಮಾತು. ಆ ವರ್ಷ ಕೊಡಗಿನ ಎಷ್ಟೋ ಮನೆಗಳಲ್ಲಿ ಆ ಪುಟ್ಟ ಯಂತ್ರವಿತ್ತು. ಅದು ತೋರಿಸುವ ಎರಡು ಸಂಖ್ಯೆಗಳಲ್ಲಿ ಒಂದು ಆಮ್ಲಜನಕದ್ದು, ಇನ್ನೊಂದು ನಾಡಿ ಬಡಿತದ್ದು. ನಾವೆಲ್ಲ ಓದಿ ನೆಮ್ಮದಿ ಪಡೆದದ್ದು ಮೊದಲನೆಯದನ್ನು ಮಾತ್ರ. ನಾನೂ ಕೋವಿಡ್‌ನಿಂದ ಎದ್ದ ಮೇಲೆ ಮನೆಯ ಮುಂದಿನ ಇಳಿಜಾರಿನ ಮೆಟ್ಟಿಲು ಹತ್ತಿ ಬಂದು ಬೆರಳಿಗೆ ಅದನ್ನು ಸಿಕ್ಕಿಸಿದಾಗ ಮೇಲೆ 97 ಇತ್ತು, ಕೆಳಗೆ 138 ಇತ್ತು. ಕೆಳಗಿನದನ್ನು ನಾನು ಅನೇಕ ದಿನ ಯಾರಿಗೂ ಹೇಳಲಿಲ್ಲ. ಆ ಯಂತ್ರ ಹೃದಯಾಘಾತವನ್ನು ಪತ್ತೆ ಮಾಡಲಾರದು, ನಾಡಿ ಸಹಜವಾಗಿದ್ದ ಮಾತ್ರಕ್ಕೆ ಹೃದಯ ಚೆನ್ನಾಗಿದೆ ಎಂದೂ ಅಲ್ಲ. ಆದರೆ ಸುಮ್ಮನೆ ಕುಳಿತಾಗಲೂ ನಾಡಿ ನೂರರ ಮೇಲೆಯೇ ಇದ್ದರೆ, ಅಥವಾ ಮಲಗಿದ್ದವರು ಎದ್ದು ನಿಂತ ಹತ್ತು ನಿಮಿಷದೊಳಗೆ ಅದು 30ಕ್ಕಿಂತ ಹೆಚ್ಚು ಏರಿ ಅಲ್ಲೇ ನಿಂತರೆ, ಅದನ್ನು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು.

ನೀವೂ ಅದೇ ಸೋಂಕನ್ನು ಕಂಡವರಾದ್ದರಿಂದ, ಕಾಫಿ ಕುಯ್ಲು ಆರಂಭವಾಗುವ ಮೊದಲೇ ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಇಸಿಜಿ ಮಾಡಿಸಿಕೊಳ್ಳಿ. ಸಹಜವಾದ ಇಸಿಜಿ ಎಲ್ಲವನ್ನೂ ಹೇಳುವುದಿಲ್ಲ. ಶ್ರಮ ಪಟ್ಟಾಗ ಎದೆಯಲ್ಲಿ ಏನಾದರೂ ಅನ್ನಿಸುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಎದೆಯ ಬಿಗಿತ, ದವಡೆಗೋ ಎಡಗೈಗೋ ಹರಡುವ ನೋವು, ತಣ್ಣನೆಯ ಬೆವರು ಕಂಡ ದಿನ ಗ್ಯಾಸಿನ ಮಾತ್ರೆ ಹುಡುಕುವುದಾಗಲಿ, ಮೈಸೂರಿಗೇ ಹೋಗೋಣವೆಂದು ಕಾರು ತೆಗೆಯುವುದಾಗಲಿ ಬೇಡ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮುಚ್ಚಿದ ನಾಳ ಅಷ್ಟು ಹೊತ್ತು ಕಾಯುವುದಿಲ್ಲ. 108ಕ್ಕೆ ಕರೆ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸಬೇಕೆಂಬುದೇ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶ.

ಕೊನೆಯದಾಗಿ, ನಿಮ್ಮ ತಮ್ಮನಿಗೆ ಮಕ್ಕಳಿದ್ದರೆ ಅವರಿಗೊಂದು ಮಾತು ತಲುಪಿಸಿ. ತಂದೆ ಅಥವಾ ಒಡಹುಟ್ಟಿದ ಗಂಡಸೊಬ್ಬರಿಗೆ 55 ವರ್ಷಕ್ಕೆ ಮೊದಲೇ ಹೃದ್ರೋಗ ಬಂದಿದ್ದರೆ ಅದನ್ನು ವೈದ್ಯರು ಅಪಾಯದ ಲೆಕ್ಕಕ್ಕೆ ಸೇರಿಸುತ್ತಾರೆ. ಆ ಮಕ್ಕಳು ಮುಂದೆ ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ತಂದೆ 52ಕ್ಕೆ ಹೃದಯಾಘಾತದಿಂದ ತೀರಿಕೊಂಡರೆಂದು ಕೇಳುವ ಮೊದಲೇ ಹೇಳಲಿ. ನೀವೂ ಹೇಳಿ.