ಹೆಪಟೈಟಿಸ್ ಸಿ ಅನ್ನುವ ಲಿವರ್ ಸೋಂಕಿಗೆಂದು ಶುರುವಾದ ಔಷಧಿಯ ಹುಡುಕಾಟ ಕೊರೊನಾಗೆ ಹೇಗೆ ಕೆಲಸಕ್ಕೆ ಬಂತು?

ಆ ಹುಡುಕಾಟದಲ್ಲಿ ಸಿಕ್ಕಿದ ಔಷಧಿ ರೆಮ್‌ಡೆಸಿವಿರ್. ಅದು ಕೊರೊನಾಗೂ ಕೆಲಸಕ್ಕೆ ಬಂದದ್ದು, ಎರಡೂ ವೈರಸ್‌ಗಳು ತಮ್ಮ ಆರ್‌ಎನ್‌ಎಯನ್ನು ನಕಲು ಮಾಡಿಕೊಳ್ಳುವ ರೀತಿ ಹೆಚ್ಚುಕಡಿಮೆ ಒಂದೇ, ಅದಕ್ಕೆ. ಆರ್‌ಎನ್‌ಎ ಅಂದರೆ ವೈರಸ್ಸಿನ ಇಡೀ ಜಾತಕ ಇರುವ ಉದ್ದನೆಯ ಸರ. ಅದನ್ನು ಕಟ್ಟುವುದು ಪಾಲಿಮರೇಸ್ ಅನ್ನುವ ಕಿಣ್ವ.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರನ್ನು ನೋಡಿದ್ದೀರಲ್ವಾ? ಬುಟ್ಟಿ ಕಡೆ ತಿರುಗದೆಯೇ ಮೊಗ್ಗು ಎತ್ತಿ ಕಟ್ಟುತ್ತಾ ಹೋಗುತ್ತಾರೆ, ಬಾಯಲ್ಲಿ ವ್ಯಾಪಾರದ ಮಾತು ಬೇರೆ. ಆ ಬುಟ್ಟಿಗೆ ಯಾರೋ ನಕಲಿ ಮೊಗ್ಗು ಬೆರೆಸಿದರು ಅಂದುಕೊಳ್ಳಿ. ಅದು ಸರಕ್ಕೆ ಸೇರುತ್ತದೆ, ಆದರೆ ಮುಂದಿನ ಮೊಗ್ಗು ಕೂರುವುದಿಲ್ಲ. ಹೆಪಟೈಟಿಸ್ ಸಿಗೆ ಬೇರೆ ಮಾತ್ರೆಯ ಜೊತೆ ಸಾಮಾನ್ಯವಾಗಿ 12 ವಾರ ಕೊಡುವ ಸೊಫೊಸ್ಬುವಿರ್ ಇಂಥದ್ದೇ ನಕಲಿ ಮೊಗ್ಗು.

ಕೊರೊನಾ ಸ್ವಲ್ಪ ಜಾಸ್ತಿ ಚಾಲಾಕಿ. ಕಟ್ಟಿದ್ದನ್ನು ತಿರುಗಿ ನೋಡಿ ತಪ್ಪು ಮೊಗ್ಗನ್ನು ಕಿತ್ತುಹಾಕುವ ಇನ್ನೊಂದು ಕಿಣ್ವ ಅದರ ಹತ್ತಿರ ಇದೆ. ರೆಮ್‌ಡೆಸಿವಿರ್ ಕೂಡ ನಕಲಿ ಮೊಗ್ಗೇ, ಆದರೆ ಆ ಕಿಣ್ವವನ್ನೂ ಏಮಾರಿಸುತ್ತದೆ. ಸೇರಿದ ತಕ್ಷಣ ಸುಮ್ನೆ ಇರುತ್ತದೆ, ಇನ್ನು ಮೂರು ಮೊಗ್ಗು ಕಟ್ಟಿದ ಮೇಲೆ ಕೆಲಸ ನಿಲ್ಲಿಸುತ್ತದೆ. ಅಷ್ಟರಲ್ಲಿ ಅದು ಒಳಗೆ ಹುದುಗಿರುತ್ತದೆ, ಕಿತ್ತುಹಾಕುವುದು ಕಷ್ಟ.

ಆದರೆ ಇದನ್ನು ರಕ್ತನಾಳಕ್ಕೇ ಏರಿಸಬೇಕು. ಅದೂ ಕಾಯಿಲೆಯ ಮೊದಲ ದಿನಗಳಲ್ಲೇ ಕೊಟ್ಟರೆ ಪ್ರಯೋಜನ ಜಾಸ್ತಿ.