ಡೀಸೆಲ್ ಕಾರಿನಲ್ಲಿ ಪಿ0183 ಕೋಡ್: ಫ್ಯೂಯಲ್ ಟೆಂಪರೇಚರ್ ಸೆನ್ಸರ್ ಬದಲಾಯಿಸಿದರೂ ಚೆಕ್ ಎಂಜಿನ್ ಲೈಟ್ ಆರುತ್ತಿಲ್ಲ, ಏನು ಮಾಡಲಿ?

ಇನ್ನೊಂದು ಸೆನ್ಸರ್ ತರಿಸಬೇಡಿ, ಸ್ವಲ್ಪ ತಡೆಯಿರಿ. ಇದೇ ಕೋಡ್ ನನ್ನ ಕಾರಿಗೂ ಬಂದಿತ್ತು. ಮಂಡ್ಯದ ಗ್ಯಾರೇಜೊಂದರಲ್ಲಿ ಕೋಡ್ ನೋಡಿದ ಕೂಡಲೇ ಸೆನ್ಸರ್ ಬದಲಾಯಿಸಿದರು. ಮೈಸೂರಿಗೆ ಹೊರಟಿದ್ದೆ, ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಲೈಟ್ ಮತ್ತೆ ಹತ್ತಿಕೊಂಡಿತು. ಬಿಚ್ಚಿದ ಹಳೇ ಸೆನ್ಸರನ್ನು ಆಮೇಲೆ ಮೀಟರಿನಲ್ಲಿ ಅಳೆದು ನೋಡಿದೆ. ಅದಕ್ಕೆ ಏನೂ ಆಗಿರಲಿಲ್ಲ!

ಪಿ0183 ಅಂದ್ರೆ ಸೆನ್ಸರ್ ಕೆಟ್ಟಿದೆ ಅಂತಲ್ಲ. ಸೆನ್ಸರಿನ ವೈರ್ ಲೈನಿನಲ್ಲಿ ವೋಲ್ಟೇಜ್ ಜಾಸ್ತಿ ಇದೆ ಅಂತ, ಅಷ್ಟೇ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಆ ಲೈನಿಗೆ 5 ವೋಲ್ಟ್ ಕೊಟ್ಟಿರುತ್ತದೆ. ಡೀಸೆಲ್ ಬಿಸಿಯಾದಷ್ಟೂ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯುತ್ತದೆ, ಜೊತೆಗೆ ವೋಲ್ಟೇಜೂ ಇಳಿಯುತ್ತದೆ. ನಡುವೆ ಎಲ್ಲೋ ವೈರ್ ಕಿತ್ತುಹೋದರೆ 5 ವೋಲ್ಟ್ ಇಳಿಯೋದೇ ಇಲ್ಲ. ಇಸಿಯು ಅದನ್ನು ಕೊರೆಯುವ ಚಳಿ ಅಂದುಕೊಳ್ಳುತ್ತದೆ. (ಪಿ0182 ಬಂದಿದ್ದರೆ ಉಲ್ಟಾ, ಎಲ್ಲೋ ಶಾರ್ಟ್ ಆಗಿದೆಯಾ ಅಂತ ಹುಡುಕಬೇಕು.)

ಇಸಿಯು ರೀಡಿಂಗ್ ತೋರಿಸುವ ಸ್ಕ್ಯಾನರನ್ನು ಗೆಳೆಯನಿಂದ ತಂದು ಕಾರಿಗೆ ಸಿಕ್ಕಿಸಿದೆ. ಅಗ್ಗದ ಸ್ಕ್ಯಾನರ್‌ಗಳಲ್ಲಿ ಎಷ್ಟೋ ಸಲ ಡೀಸೆಲ್ ಟೆಂಪರೇಚರ್ ರೀಡಿಂಗೇ ಸಿಗಲ್ಲ. ನೋಡಿದರೆ ಡೀಸೆಲ್ ಮೈನಸ್ 40 ಡಿಗ್ರಿ. ಏಪ್ರಿಲ್ ತಿಂಗಳು, ಮಂಡ್ಯದ ಬಿಸಿಲು, ಮೈನಸ್ 40!

ಈಗ ನೀವು ಮಾಡಬೇಕಾದ್ದು ಇದು. ಕೀ ಆಫ್ ಮಾಡಿ ಸೆನ್ಸರಿನ ಕನೆಕ್ಟರ್ ಕಳಚಿ. ಎರಡೇ ವೈರ್ ಇದ್ದರೆ ಮಾತ್ರ, ವೈರಿಂಗ್ ಕಡೆಯ ಎರಡೂ ಪಿನ್‌ಗಳನ್ನು ಸಣ್ಣ ತಂತಿಯಿಂದ ಜೋಡಿಸಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ರೀಡಿಂಗ್ 100 ಡಿಗ್ರಿಯ ಮೇಲಕ್ಕೆ ಹಾರಿದರೆ ಅಲ್ಲಿವರೆಗೂ ವೈರಿಂಗ್ ಸರಿ ಇದೆ, ಸೆನ್ಸರ್ ಮೇಲೆ ಅನುಮಾನ ಪಡಬಹುದು. ಜಗ್ಗದೆ ಮೈನಸ್ 40ರಲ್ಲೇ ನಿಂತರೆ ನೀವು ಎಷ್ಟು ಸೆನ್ಸರ್ ಹಾಕಿದರೂ ದುಡ್ಡು ದಂಡ. ಡೀಸೆಲ್ ಪೈಪುಗಳನ್ನು ಮಾತ್ರ ಸುಮ್ನೆ ಸಡಿಲಿಸಲು ಹೋಗಬೇಡಿ. ಕಾಮನ್ ರೈಲ್ ಎಂಜಿನ್‌ಗಳ ಒತ್ತಡ 1000 ಬಾರ್ ದಾಟುತ್ತದೆ, ಕೈಗೆ ಚಿಮ್ಮಿದರೆ ಚರ್ಮ ತೂರಿ ಒಳಗೆ ಹೋಗುತ್ತದೆ.

ನನ್ನದು ಜಗ್ಗಲಿಲ್ಲ. ಟಾರ್ಚ್ ಹಿಡಿದು ಕನೆಕ್ಟರ್ ಒಳಗೆ ನೋಡಿದೆ. ಒಂದು ಪಿನ್ ಹೊಳೀತಿತ್ತು. ಇನ್ನೊಂದಕ್ಕೆ ಹುಳಿ ತಾಗಿದ ತಾಮ್ರದ ಪಾತ್ರೆಯ ಹಾಗೆ ಹಸಿರು ಕಿಲುಬು. ಅದರ ವೈರನ್ನು ಮೆಲ್ಲಗೆ ಎಳೆದರೆ ಕೈಗೇ ಬಂತು. ಹಿಂದಿನ ತಿಂಗಳು ಬಾನೆಟ್ ತೆಗೆಸಿ ಪ್ರೆಶರ್ ವಾಶ್ ಮಾಡಿಸಿದ್ದೆ, ನೀರು ಅಲ್ಲಿ ಸೇರಿಕೊಂಡಿರಬೇಕು. ಕ್ಲೀನರ್ ಹೊಡೆದು ಉಜ್ಜಿ ಪ್ರಯೋಜನವಿರಲಿಲ್ಲ, ಪಿನ್ನೇ ತಿಂದುಹೋಗಿತ್ತು. ಎಲೆಕ್ಟ್ರಿಷಿಯನ್ ಹತ್ತಿರ ಹೊಸ ಕನೆಕ್ಟರ್ ಹಾಕಿಸಿದೆ.

ಸರಿಯಾಗಿದೆಯಾ ಅಂತ ತಿಳಿಯಲು ಮಾರನೇ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲಂಟ್, ಡೀಸೆಲ್ ಎರಡೂ ಹೆಚ್ಚುಕಮ್ಮಿ ಒಂದೇ ಬಿಸಿ ಇರಬೇಕು ಅಲ್ವಾ? ನನ್ನದರಲ್ಲಿ ಕೂಲಂಟ್ 25 ಇತ್ತು, ಡೀಸೆಲ್ 26.