ಸುಲಭದ ಬಂಡೆಗೆ ಟಾಪ್ ರೋಪ್ ಹಾಕಲು ಮೇಲಿನ ಮರಕ್ಕೆ ಒಂದು ಸ್ಲಿಂಗ್ ಸಾಕಾ?

ಮಾಗಡಿಯ ಆಚೆ ಒಂದೂವರೆ ಗಂಟೆ ನಡೆದು ತಲುಪುವ ಬೆಟ್ಟ, 20 ಮೀಟರಿನ ಬಂಡೆ, ನಾಲ್ವರು ಹೊಸಬರು, ಮೇಲೊಂದು ಮರ. ಟಾಪ್ ರೋಪ್ ಅಂದರೆ ಮೇಲಿನ ಆಧಾರದಿಂದ ಹಾಯ್ದು ಬಂದು ಹತ್ತುವವರನ್ನು ಹಿಡಿಯುವ ಹಗ್ಗ, ಸ್ಲಿಂಗ್ ಅಂದರೆ ಗಟ್ಟಿ ಪಟ್ಟಿಯ ಕುಣಿಕೆ. ಈ ಪ್ರಶ್ನೆ ಒಂದು ಕಾಲಕ್ಕೆ ನನ್ನದೂ ಆಗಿತ್ತು. ಉತ್ತರ: ಸಾಲದು. ಹತ್ತುವುದು ಸುಲಭ, ಆದ್ದರಿಂದ ಸಾಮಾನು ಕಡಿಮೆ ಸಾಕು ಅನ್ನುವ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಬಂಡೆ ಎಷ್ಟೇ ಸುಲಭವಿರಲಿ, ಇಡೀ ಮನುಷ್ಯನ ಭಾರ ಹೊರುವುದು ಮೇಲಿನ ಆ್ಯಂಕರ್, ಅಂದರೆ ಹಗ್ಗವನ್ನು ಕಟ್ಟಿ ನಿಲ್ಲಿಸುವ ಆಧಾರ. ಅಲ್ಲದೆ ಸುಲಭದ ಬಂಡೆಯಲ್ಲಿ ಇಳಿಜಾರು, ಮೆಟ್ಟಿಲು ಹೆಚ್ಚು. ಜಾರಿದವರು ಗಾಳಿಯಲ್ಲಿ ತೂಗಾಡುವುದಿಲ್ಲ, ಕಲ್ಲಿಗೇ ಬಡಿಯುತ್ತಾರೆ.

ಗ್ರಾನೈಟ್ ಬೆಟ್ಟಗಳಲ್ಲಿ ಮರ ಸಾಮಾನ್ಯವಾಗಿ ಅಂಚಿನಿಂದ ಹಿಂದೆ ಇರುತ್ತದೆ. ಹೊಸಬರು ಮರಕ್ಕೆ ಸ್ಲಿಂಗ್ ಸುತ್ತಿ, ಕ್ಯಾರಬಿನರ್ (ತೆರೆದು ಮುಚ್ಚುವ ಗೇಟ್ ಇರುವ ಲೋಹದ ಕೊಂಡಿ) ಅಲ್ಲೇ ಹಾಕಿ, ಹಗ್ಗವನ್ನು ಅಂಚಿನ ಮೇಲಿಂದ ಕೆಳಗೆ ಬಿಡುತ್ತಾರೆ. ದೊಡ್ಡ ತಪ್ಪು ಇದೇ. ಭಾರ ಹೊತ್ತು ಓಡುವ ಹಗ್ಗಕ್ಕೆ ಆ ಒರಟು ಅಂಚು ಗರಗಸವಾಗುತ್ತದೆ, ಹೊರಪದರ ಹರಿಯುತ್ತದೆ. ಜತೆಗೆ ಉಜ್ಜಾಟದಿಂದ ಬಿಲೇ ಮಾಡುವವರು (ಕೆಳಗೆ ನಿಂತು ಹಗ್ಗ ಹಿಡಿಯುವವರು) ಎಳೆದಷ್ಟು ಹಗ್ಗ ಮೇಲೆ ಬರುವುದಿಲ್ಲ. ಹತ್ತುವವರ ಮುಂದೆ ಸಡಿಲ ಸೇರುತ್ತಾ ಹೋಗುತ್ತದೆ, ಕೈ ಬಿಟ್ಟಾಗ ಅಷ್ಟೂ ದೂರ ಬೀಳುತ್ತಾರೆ. ಕ್ಯಾರಬಿನರನ್ನು ಸರಿಯಾಗಿ ಅಂಚಿನ ಮೇಲೇ ಕೂರಿಸುವುದೂ ಬೇಡ. ಕಲ್ಲು ಒತ್ತಿ ಗೇಟ್ ತೆರೆಯಬಹುದು. ಗೇಟ್ ಮುಚ್ಚಿದಾಗ ಕನಿಷ್ಠ 20 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಅಂದರೆ ಸುಮಾರು 100 ಕಿಲೋ ಭಾರ) ತಡೆಯಬೇಕಾದ ಕ್ಯಾರಬಿನರಿಗೆ ತೆರೆದಾಗಿನ ಮಾನದಂಡ 7 ಮಾತ್ರ.

ಹಾಗಾಗಿ ಹೆಚ್ಚು ಹಿಗ್ಗದ 10–11 ಮಿಲಿಮೀಟರ್ ದಪ್ಪದ ಸ್ಟ್ಯಾಟಿಕ್ ಹಗ್ಗ 20 ಮೀಟರ್ ಬೇರೆಯಾಗಿ ಒಯ್ಯಿರಿ. ಒಂದು ತುದಿ ಮರಕ್ಕೆ, ಇನ್ನೊಂದು ಅಲ್ಲಾಡದ ದೊಡ್ಡ ಗುಂಡುಕಲ್ಲಿಗೋ ಎರಡನೇ ಮರಕ್ಕೋ. ಹಗ್ಗದ ಎರಡೂ ಕಾಲು (ಎರಡು ಕಡೆಯಿಂದ ಬರುವ ಎಳೆ) ಸೇರುವಲ್ಲಿ 8ರ ಆಕಾರದ ಎಂಟರ ಗಂಟು ಹಾಕಿ, ಆ ಗಂಟು ಅಂಚಿನಿಂದ ಒಂದು ಮೊಳ ಕೆಳಗೆ ತೂಗುವಂತೆ ಅಳೆಯಿರಿ. ಅದಕ್ಕೆ ಎರಡು ಸ್ಕ್ರೂಗೇಟ್ (ಗೇಟನ್ನು ತಿರುಪಿ ಬಿಗಿಯುವ) ಕ್ಯಾರಬಿನರ್, ಗೇಟ್‌ಗಳು ವಿರುದ್ಧ ದಿಕ್ಕಿಗೆ. ಹತ್ತುವ ಹಗ್ಗ ಇವುಗಳಲ್ಲೇ ಓಡಬೇಕು. ಸ್ಲಿಂಗಿನಲ್ಲಿ ನೇರ ಓಡಿಸಿದರೆ ಉಜ್ಜಿದ ಬಿಸಿಗೆ ನೈಲಾನ್ ಕರಗಿ ತುಂಡಾಗುತ್ತದೆ. ಸ್ಟ್ಯಾಟಿಕ್ ಹಗ್ಗ ಅಂಚು ದಾಟುವಲ್ಲಿ ಹಳೇ ಜೀನ್ಸ್ ಮಡಚಿ ಕಟ್ಟಿ, ಸುಮ್ಮನೆ ಇಟ್ಟರೆ ಜರುಗುತ್ತದೆ. ಎರಡು ಕಾಲುಗಳ ನಡುವಿನ ಕೋನ 60 ಡಿಗ್ರಿ ದಾಟದಿರಲಿ. 120 ಆದರೆ ಒಂದೊಂದು ಕಾಲಿಗೂ ಪೂರ್ತಿ ಭಾರ ಬೀಳುತ್ತದೆ.

ಮರ ಹಸಿರಾಗಿರಬೇಕು, ತೊಡೆಯಷ್ಟಾದರೂ ದಪ್ಪ ಇರಬೇಕು. ಬಂಡೆ ಮೇಲಿನ ಮಣ್ಣು ತೆಳು, ಬೇರು ಆಳಕ್ಕೆ ಇಳಿದಿರುವುದಿಲ್ಲ. ಕಾಲಿನಿಂದ ಜೋರಾಗಿ ತಳ್ಳಿದಾಗ ಬುಡ ಅಲ್ಲಾಡಿದರೆ ಆ ಮರವನ್ನು ಮರೆತುಬಿಡಿ. ಇದನ್ನೆಲ್ಲ ಕಟ್ಟುವವರು ಅಂಚಿನ ಹತ್ತಿರ ಹೋಗುವ ಮೊದಲೇ ತಮ್ಮನ್ನು ಕಟ್ಟಿಕೊಂಡಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಹತ್ತುವ ಹಗ್ಗ 60 ಮೀಟರಿನದಾದರೆ ಅದರಲ್ಲಿ 40 ಬಳಕೆಯಾಗುತ್ತದೆ, ಉದ್ದ ಸಾಕು. ಆದರೂ ಬಿಲೇ ತುದಿಗೆ ಗಂಟು ಹಾಕಿ. ಹತ್ತಲು ಬಳಸುವ ಡೈನಾಮಿಕ್ ಹಗ್ಗ ಹಿಗ್ಗುತ್ತದೆ: 80 ಕಿಲೋ ತೂಗುಹಾಕಿದಾಗ ಶೇಕಡಾ 10ರವರೆಗೆ ಹಿಗ್ಗಲು ಮಾನದಂಡವೇ ಬಿಡುತ್ತದೆ. ಅಂದರೆ ನೆಲದಿಂದ ಎರಡು ಮೀಟರ್ ಏರಿದವರು ಜಾರಿದರೆ ನೆಲ ಮುಟ್ಟಬಹುದು. ಮೊದಲ ಮೂರು ಮೀಟರ್ ಏರುವವರೆಗೆ ಹಗ್ಗ ಬಿಗಿಯಾಗಿಯೇ ಇರಲಿ.

ಬಂಡೆಯ ಚಾಚುಗಳ ಕೆಳಗೆ ಹೆಜ್ಜೇನು ಇದೆಯಾ ಎಂದು ದೂರದಿಂದಲೇ ನೋಡಿ. ಇದ್ದರೆ ಅವತ್ತು ವಾಪಸ್. 112ಕ್ಕೆ ಕರೆ ಹೋಗುವ ಜಾಗವನ್ನು ದಾರಿಯಲ್ಲೇ ಗುರುತಿಸಿಕೊಳ್ಳಿ. ನಾಲ್ವರಲ್ಲಿ ಯಾರಿಗೂ ಈ ಆ್ಯಂಕರ್ ಕಟ್ಟಿ ರೂಢಿಯಿಲ್ಲದಿದ್ದರೆ ಬಲ್ಲ ಒಬ್ಬರನ್ನು ಕರೆದುಕೊಂಡೇ ಹೋಗಿ, ಹತ್ತುವ ಮೊದಲು ಗಂಟುಗಳನ್ನು ಅವರೇ ಕೈಯಿಂದ ಎಳೆದು ನೋಡಲಿ.